ಪ್ಯಾನೆಲ್ ಮೇಲೆ ಟ್ಯಾಂಕಿನ ನೆರಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಛಾವಣಿ ಸೋಲಾರ್ ಬಗ್ಗೆ ಬರೆಯುವವರು ಮೊದಲೆಲ್ಲ ಸಬ್ಸಿಡಿ ಎಷ್ಟು, ಅರ್ಜಿ ಎಲ್ಲಿ ಅಂತ ಕೇಳುತ್ತಿದ್ದರು. ಈಗ ಪ್ಯಾನೆಲ್ ಹಾಕಿಸಿಯಾಗಿದೆ, ಕಂಪ್ಯೂಟರ್ ಲೆಕ್ಕದ ರಿಪೋರ್ಟೂ ಕೈಯಲ್ಲಿದೆ, ಆದರೆ ಎರಡೂ ತಾಳೆ ಆಗುತ್ತಿಲ್ಲ. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ನೆರಳಿನದ್ದೇ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ.

ಪ್ರಶ್ನೆ: ನಮ್ಮ ಮನೆ ಮೇಲೆ 330 ವ್ಯಾಟಿನ 8 ಪ್ಯಾನೆಲ್ ಇವೆ, ಎಲ್ಲವೂ ಒಂದೇ ಸಾಲಿನ ಜೋಡಣೆ. ಆಗ್ನೇಯಕ್ಕೆ ನೀರಿನ ಟ್ಯಾಂಕ್. ಚಳಿಗಾಲದಲ್ಲಿ ಬೆಳಗ್ಗೆ ಹತ್ತರ ತನಕ ಅದರ ನೆರಳು ಎರಡು ಪ್ಯಾನೆಲ್ ಮೇಲೆ ಬೀಳುತ್ತದೆ. ಹಾಕಿದವರು ಕೊಟ್ಟ ಸಿಮ್ಯುಲೇಶನ್ ರಿಪೋರ್ಟಿನಲ್ಲಿ ನೆರಳಿನ ನಷ್ಟ 2% ಅಂತಿದೆ. ಆದರೆ ಆ ಹೊತ್ತಿಗೆ ನೋಡಿದರೆ ಪಕ್ಕದ ಮನೆಯ ಇಷ್ಟೇ ದೊಡ್ಡ ಸಿಸ್ಟಮ್‌ಗಿಂತ ನಮ್ಮದು ಆರನೇ ಒಂದು ಭಾಗ ಕಮ್ಮಿ ಕೊಡುತ್ತಿರುತ್ತದೆ. ರಿಪೋರ್ಟ್ ಸುಳ್ಳಾ?
— ಓದುಗರೊಬ್ಬರು, ಮೈಸೂರು

ಉತ್ತರ: ಸುಳ್ಳು ಅಂತ ಈಗಲೇ ಹೇಳಬೇಡಿ. ರಿಪೋರ್ಟಿನ 2% ಇಡೀ ವರ್ಷದ್ದು, ನೀವು ನೋಡಿದ್ದು ಚಳಿಗಾಲದ ಒಂದು ಬೆಳಗ್ಗೆಯದ್ದು. ಬೆಳಗಿನ ಬಿಸಿಲಿಗೆ ಹೇಗೂ ಕಸುವು ಕಮ್ಮಿ. ಆ ನೆರಳೂ ವರ್ಷದಲ್ಲಿ ಕೆಲವೇ ತಿಂಗಳು. ಹನ್ನೆರಡು ತಿಂಗಳಿಗೆ ಹಂಚಿದಾಗ ಅದು ಸಣ್ಣದಾಗಿ ಕಾಣುವುದು ಸಹಜ. ಅಷ್ಟು ಸರಿ. ಆದರೆ ಆ 2% ಅನ್ನು ಯಾವ ದಾರಿಯಲ್ಲಿ ತೆಗೆದರು ಅನ್ನುವುದು ಬೇರೆ ಪ್ರಶ್ನೆ, ಅಸಲಿ ಗಲಾಟೆ ಇರುವುದು ಅಲ್ಲೇ.

330 ವ್ಯಾಟಿನ ಪ್ಯಾನೆಲ್ ಅಂದರೆ ಸಾಮಾನ್ಯವಾಗಿ 72 ಸೆಲ್‌ನದು. ಹತ್ತಿರ ಹೋಗಿ ನೋಡಿ, ಅಡ್ಡಕ್ಕೆ 6, ಉದ್ದಕ್ಕೆ 12 ಚೌಕಗಳು ಕಾಣುತ್ತವೆ. ಈ 72 ಸೆಲ್‌ಗಳೂ ಒಂದರ ಬೆನ್ನಿಗೆ ಒಂದು ಸರಣಿಯಲ್ಲಿ ಇರುತ್ತವೆ, ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟ್. ಕಿರಿದಾದ ದಾರಿಯಲ್ಲಿ ಸಾಲಾಗಿ ಹೊರಟ ಎತ್ತಿನ ಗಾಡಿಗಳ ಥರ, ಒಂದು ನಿಧಾನ ಆದರೆ ಹಿಂದಿನವೆಲ್ಲ ನಿಧಾನ. ಸೆಲ್‌ನ ಕರೆಂಟ್ ಅದರ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟೇ ಹುಟ್ಟುವುದು, ಹಾಗಾಗಿ ನೆರಳು ಬಿದ್ದ ಸೆಲ್ ಇಡೀ ಸಾಲನ್ನು ಹಿಡಿದು ನಿಲ್ಲಿಸುತ್ತದೆ. ನಿಲ್ಲಿಸುವುದಷ್ಟೇ ಅಲ್ಲ, ಉಳಿದ ಸೆಲ್‌ಗಳು ಹುಟ್ಟಿಸಿದ ವಿದ್ಯುತ್ತನ್ನು ತಾನೇ ನುಂಗಿ ಬಿಸಿಯಾಗುತ್ತದೆ. ಇದನ್ನು ತಪ್ಪಿಸೋಕೆ ಅಂತಲೇ ಪ್ಯಾನೆಲ್ ಹಿಂದಿನ ಕಪ್ಪು ಡಬ್ಬಿಯಲ್ಲಿ 3 ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ಒಂದೊಂದು ಡಯೋಡ್ 24 ಸೆಲ್‌ಗಳನ್ನು, ಅಂದರೆ ಉದ್ದುದ್ದದ ಎರಡು ಸಾಲನ್ನು ಕಾಯುತ್ತದೆ. ಆ 24ರಲ್ಲಿ ಒಂದು ಕೈಕೊಟ್ಟರೂ ಡಯೋಡ್ ತೆರೆದುಕೊಂಡು ಕರೆಂಟನ್ನು ಪಕ್ಕದಿಂದ ದಾಟಿಸುತ್ತದೆ, ಆ 24 ಸೆಲ್‌ಗಳೂ ಲೆಕ್ಕದಿಂದ ಹೊರಗೆ.

ಈಗ ನಿಮ್ಮ ಮನೆಯ ಲೆಕ್ಕ. 8 ಪ್ಯಾನೆಲ್, 576 ಸೆಲ್, 24 ಡಯೋಡ್. ಒಂದೇ ಒಂದು ಸೆಲ್ ಪೂರ್ತಿ ಮುಚ್ಚಿತು ಅನ್ನಿ. ವಿಸ್ತೀರ್ಣ ನೋಡಿದರೆ ನೆರಳು 0.17%. ಹೋಗುವ ವಿದ್ಯುತ್ತು 24ರಲ್ಲಿ 1 ಭಾಗ, ಅಂದರೆ 4%ಗಿಂತ ಸ್ವಲ್ಪ ಜಾಸ್ತಿ. ಟ್ಯಾಂಕಿನ ನೆರಳು ಒಂದು ಪ್ಯಾನೆಲ್‌ನ ಮೂರೂ ಭಾಗಕ್ಕೆ ತಾಗಿ, ಪಕ್ಕದ್ದರ ಒಂದು ಭಾಗಕ್ಕೂ ತಾಗಿದರೆ 24ರಲ್ಲಿ 4 ಹೋಯಿತು, ಅದು 17%ಗೆ ಹತ್ತಿರ. ನೀವು ಹೇಳಿದ ಆರನೇ ಒಂದು ಭಾಗ ಅದೇ ತಾನೇ?

ಈಗ ಸಾಫ್ಟ್‌ವೇರ್ ಕಡೆ ಬನ್ನಿ. ಸ್ವಿಟ್ಜರ್ಲೆಂಡಿನ ಜಿನೀವಾ ಕಡೆಯ ಪಿವಿಸಿಸ್ಟ್ ಅನ್ನೋ ಪ್ರೋಗ್ರಾಂನಲ್ಲಿ ನೆರಳಿನ ಲೆಕ್ಕಕ್ಕೆ ಬೇರೆ ಬೇರೆ ದಾರಿಗಳಿವೆ. ಮೊದಲನೆಯದು ಲೀನಿಯರ್: ನೆರಳು 8% ಜಾಗ ಮುಚ್ಚಿದರೆ ನೇರ ಬಿಸಿಲಿನಲ್ಲಿ 8% ಕಳೆಯುತ್ತದೆ, ತಂತಿ ಯಾವುದು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದೇ ಇಲ್ಲ. ಎರಡನೆಯದು ಸ್ಟ್ರಿಂಗ್ (ಅಂದರೆ ಸರಣಿಯಲ್ಲಿ ಸೇರಿದ ಪ್ಯಾನೆಲ್ ಸಾಲು) ಪ್ರಕಾರ: ಪ್ಯಾನೆಲ್‌ಗಳನ್ನು ಆಯತಗಳಾಗಿ ಗುಂಪು ಮಾಡಿ, ಗುಂಪಿನ ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಗುಂಪು ಹೋಯಿತು ಅಂತ ಹಿಡಿಯುತ್ತದೆ. ಮೂರನೆಯದು ಮಾಡ್ಯೂಲ್ ಲೇಔಟ್: ಇದರಲ್ಲಿ ಪ್ರತಿ ಪ್ಯಾನೆಲ್ ಎಲ್ಲಿದೆ, ಯಾವುದಕ್ಕೆ ಯಾವುದು ಸೇರಿದೆ ಅಂತ ಬಿಡಿಸಿ ಕೊಡಬೇಕು, ಅದು ಡಯೋಡ್ ಮಟ್ಟದ ತನಕ ಲೆಕ್ಕ ಹಾಕುತ್ತದೆ. ಅದಕ್ಕೆ ಟೈಮ್ ಬೇಕು, ತಾಳ್ಮೆ ಬೇಕು. ಮೂರು ಕಿಲೋವ್ಯಾಟಿನ ಮನೆಗೆ ಅಷ್ಟು ಕೂತು ಮಾಡುವವರು ಕಮ್ಮಿ.

ಹಾಗಾಗಿ ನಿಮಗೆ ಕೊಟ್ಟವರನ್ನು ಒಂದೇ ಪ್ರಶ್ನೆ ಕೇಳಿ: ಇದು ಲೀನಿಯರ್ ಲೆಕ್ಕವೋ, ಮಾಡ್ಯೂಲ್ ಲೇಔಟ್ ಲೆಕ್ಕವೋ? ರಿಪೋರ್ಟಿನ ನಷ್ಟದ ಪಟ್ಟಿಯಲ್ಲಿ ಬೆಳಕಿನ ನೆರಳು, ವಿದ್ಯುತ್ತಿನ ನೆರಳು ಅಂತ ಎರಡು ಸಾಲು ಬೇರೆ ಬೇರೆ ಬಂದಿದ್ದರೆ ಕೆಲಸ ನೆಟ್ಟಗೆ ಮಾಡಿದ್ದಾರೆ. ಒಂದೇ ಸಾಲು ಇದ್ದರೆ ಅನುಮಾನ ಪಡಿ.

ನಿಮಗೇ ಪರೀಕ್ಷೆ ಮಾಡಬೇಕು ಅನ್ನಿಸಿದರೆ, ಮೋಡ ಇಲ್ಲದ ಮಧ್ಯಾಹ್ನ ಒಂದು ಸೆಲ್‌ನಷ್ಟು, ಅಂದರೆ ಸುಮಾರು 16 ಸೆಂಟಿಮೀಟರ್ ಚೌಕದ ರಟ್ಟನ್ನು ಒಂದು ಸೆಲ್ ಮೇಲೆ ಇಟ್ಟು, ಇನ್ನೊಬ್ಬರಿಗೆ ಕೆಳಗೆ ಇನ್ವರ್ಟರ್ ನೋಡೋಕೆ ಹೇಳಿ. 2000 ವ್ಯಾಟ್ ತೋರಿಸುತ್ತಿದ್ದರೆ ಸುಮಾರು 85 ವ್ಯಾಟ್ ಇಳಿಯಬೇಕು. ಒಂದೆರಡು ನಿಮಿಷ ಸಾಕು, ಜಾಸ್ತಿ ಹೊತ್ತು ಬಿಡಬೇಡಿ. ಪ್ಯಾನೆಲ್ ಮೇಲೆ ಕಾಲಂತೂ ಇಡಲೇಬೇಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆ ವರ್ಷ. ಪ್ರಾಜೆಕ್ಟ್‌ಗೆ ಸಿಮ್ಯುಲಿಂಕ್ ಅನ್ನೋ ಸಿಮ್ಯುಲೇಶನ್ ಪ್ರೋಗ್ರಾಂನಲ್ಲಿ ನೆರಳಿನ ಪ್ರಭಾವ ತೋರಿಸಬೇಕು. ಪಿವಿ ಅರೇ ಬ್ಲಾಕ್‌ನಲ್ಲಿ ಬಿಸಿಲು ಚದರ ಮೀಟರಿಗೆ 1000 ವ್ಯಾಟಿನಿಂದ 300ಕ್ಕೆ ಇಳಿಸಿದರೆ ಪವರ್ ಗ್ರಾಫ್ ಸುಮ್ನೆ ಚಿಕ್ಕದಾಗುತ್ತದೆ ಅಷ್ಟೇ. ಪೇಪರ್‌ಗಳಲ್ಲಿ ಕಾಣುವ ಎರಡು ಗುಡ್ಡ ಬರುವುದೇ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಆ ಬ್ಲಾಕ್‌ಗೆ ಬಿಸಿಲಿನ ಇನ್‌ಪುಟ್ ಒಂದೇ. ನೀವು 300 ಕೊಟ್ಟರೆ ಎಲ್ಲಾ ಪ್ಯಾನೆಲ್‌ಗೂ 300 ಅಂತ ಅದು ತಿಳಿಯುತ್ತದೆ. ಅದು ಮೋಡ ಕವಿದ ದಿನ, ನೆರಳಲ್ಲ. ನೆರಳು ಅಂದರೆ ಒಂದೇ ಸರಣಿಯಲ್ಲಿ ಬೇರೆ ಬೇರೆ ಬೆಳಕು.

ಬ್ಲಾಕ್ ಮೂರು ತೆಗೆದುಕೊಳ್ಳಿ. ಒಂದೊಂದನ್ನೂ 24 ಸೆಲ್‌ನ ಒಂದು ಭಾಗ ಅಂತ ಇಟ್ಟುಕೊಂಡು ಸರಣಿಯಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಉಲ್ಟಾ ದಿಕ್ಕಿನಲ್ಲಿ ಒಂದು ಡಯೋಡ್ ಕೊಡಿ. ಎರಡಕ್ಕೆ 1000, ಒಂದಕ್ಕೆ 300. ಆಮೇಲೆ ವೋಲ್ಟೇಜನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸುತ್ತಾ ಪವರ್ ಅಳೆಯಿರಿ.

ಏನು ಕಾಣಬೇಕು ಅಂತ ಕೈಲೆಕ್ಕದಲ್ಲೇ ಹೇಳಬಹುದು. ಒಂದು ಭಾಗ ಪೂರ್ತಿ ಬಿಸಿಲಿಗೆ 12.5 ವೋಲ್ಟ್, 8.8 ಆಂಪಿಯರ್, ಅಂದರೆ 110 ವ್ಯಾಟ್. ಎಡಗಡೆಯ ಗುಡ್ಡದಲ್ಲಿ ನೆರಳಿನ ಭಾಗ ಬೈಪಾಸ್ ಆಗಿರುತ್ತದೆ. ಉಳಿದ ಎರಡು ಸೇರಿ 25 ವೋಲ್ಟ್, ಅದರಲ್ಲಿ ಡಯೋಡ್ ತಿನ್ನುವ ಅರ್ಧ ವೋಲ್ಟ್ ಕಳೆದರೆ ಸುಮಾರು 215 ವ್ಯಾಟ್. ಬಲಗಡೆಯ ಗುಡ್ಡದಲ್ಲಿ ಮೂರೂ ಕೆಲಸ ಮಾಡುತ್ತವೆ, ಆದರೆ ನೆರಳಿನವನ ಕರೆಂಟಿಗೆ ಕಟ್ಟುಬಿದ್ದು: 42 ವೋಲ್ಟ್‌ಗೆ ಹತ್ತಿರ, 2.6 ಆಂಪಿಯರ್, ಸುಮಾರು 110 ವ್ಯಾಟ್. ಗುಡ್ಡಗಳ ಎತ್ತರ ಒಂದಕ್ಕೊಂದು ಎರಡರಷ್ಟು. ನೀವು 300ರ ಬದಲು 800 ಕೊಟ್ಟು ನೋಡಿ, ಆಗ ಬಲಗಡೆಯದೇ ದೊಡ್ಡದಾಗುತ್ತದೆ. ಎರಡೂ ಸಮ ಆಗುವುದು 600ರ ಆಸುಪಾಸಿನಲ್ಲಿ. ವೈವಾದಲ್ಲಿ ಇದನ್ನು ತೋರಿಸಿದರೆ ಕೇಳುವವರಿಗೂ ಖುಷಿ.

ಡಯೋಡ್ ತೆಗೆದೂ ಒಮ್ಮೆ ಓಡಿಸಿ. ಎಡಗಡೆಯ ಗುಡ್ಡ ಮಾಯ ಆಗುತ್ತದೆ. ಅಲ್ಲಿಗೆ ಡಯೋಡ್ ಯಾಕೆ ಬೇಕು ಅಂತ ಪುಟಗಟ್ಟಲೆ ಬರೆಯುವ ಕೆಲಸ ಉಳಿಯಿತು.

ಇದರ ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯ. ಇನ್ವರ್ಟರ್ ಒಳಗೆ ಅತಿ ಹೆಚ್ಚು ಪವರ್ ಹುಡುಕುವ ಎಂಪಿಪಿಟಿ ಇರುತ್ತದೆ ಅಲ್ವಾ, ಅದರ ಸರಳ ವಿಧಾನ ಏನೆಂದರೆ ವೋಲ್ಟೇಜ್ ಸ್ವಲ್ಪ ಅಲುಗಾಡಿಸಿ ಪವರ್ ಏರಿತಾ ಇಳಿಯಿತಾ ಅಂತ ನೋಡುವುದು, ಏರಿದರೆ ಅದೇ ದಿಕ್ಕಿಗೆ ಹೋಗುವುದು, ಇಳಿದರೆ ವಾಪಸ್. ಖಾಲಿ ವೋಲ್ಟೇಜಿನ (ಕರೆಂಟ್ ಹರಿಯದಿರುವಾಗಿನ ವೋಲ್ಟೇಜ್) ಕಡೆಯಿಂದ, ಅಂದರೆ ಬಲದಿಂದ ಹೊರಟರೆ ಮೊದಲು ಸಿಗುವುದು 110ರ ಚಿಕ್ಕ ಗುಡ್ಡ. ಅಲ್ಲೇ ಹತ್ತಿ ಕೂತುಬಿಡುತ್ತದೆ, ಆಚೆಗೆ 215 ಇದೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಈಗಿನ ಎಷ್ಟೋ ಇನ್ವರ್ಟರ್‌ಗಳು ಆಗಾಗ ಇಡೀ ವೋಲ್ಟೇಜ್ ಶ್ರೇಣಿಯನ್ನು ಒಮ್ಮೆ ತಡಕಾಡಿ ನೋಡುತ್ತವೆ, ಕೆಲವದರಲ್ಲಿ ಅದನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಮೈಸೂರಿನ ಓದುಗರೇ, ಇದು ನಿಮಗೂ: ಆ ಸೆಟ್ಟಿಂಗ್ ಇದೆಯಾ ಅಂತ ಒಮ್ಮೆ ನೋಡಿ.

ಪ್ರಶ್ನೆ: ಹಾಫ್-ಕಟ್ ಪ್ಯಾನೆಲ್ ಹಾಕಿದರೆ ನೆರಳಿನ ತಲೆಬಿಸಿಯೇ ಇಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ನಿಜವಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ತಲೆಬಿಸಿ ಕಮ್ಮಿ ಆಗುತ್ತದೆ, ಹೋಗುವುದಿಲ್ಲ. ಅದರಲ್ಲಿ 72ರ ಬದಲು 144 ಅರ್ಧ ಸೆಲ್‌ಗಳು, ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಸಮಾನಾಂತರವಾಗಿ ಸೇರಿರುತ್ತವೆ. ಡಯೋಡ್ ಮಾತ್ರ ಮೂರೇ.

ಇದರ ಲಾಭ ಕಾಣುವುದು ಒಂದು ಸಂದರ್ಭದಲ್ಲಿ. ಪ್ಯಾನೆಲ್ ನಿಂತ ಭಂಗಿಯಲ್ಲಿದೆ, ಮುಂದಿನ ಮೋಟುಗೋಡೆಯ ನೆರಳು ಕೆಳಗಿನ ಒಂದು ಸಾಲು ಸೆಲ್‌ಗಳನ್ನು ಪೂರ್ತಿ ಮುಚ್ಚಿದೆ ಅನ್ನಿ. ಹಳೆಯ ಪ್ಯಾನೆಲ್ ಆದರೆ ಆ ಸಾಲಿನ 6 ಸೆಲ್ ಮೂರೂ ಡಯೋಡ್‌ಗಳ ಪಾಲಿಗೆ ಸೇರಿದ್ದು, ಮೂರೂ ಭಾಗ ಹೋಯಿತು. ಹನ್ನೆರಡನೇ ಒಂದು ಭಾಗ ಜಾಗಕ್ಕೆ ಬಿದ್ದ ನೆರಳು ನೇರ ಬಿಸಿಲಿನ ದುಡಿಮೆಯನ್ನೆಲ್ಲ ತಿಂದಿತು, ಉಳಿದದ್ದು ಆಕಾಶದ ಚದುರಿದ ಬೆಳಕಿನಿಂದ ಬರುವ ಚಿಲ್ಲರೆ. ಹಾಫ್-ಕಟ್ ಆದರೆ ಮೇಲಿನ ಅರ್ಧ ದುಡಿಯುತ್ತಲೇ ಇರುತ್ತದೆ, ಹೆಚ್ಚುಕಮ್ಮಿ ಅರ್ಧ ಸಿಗುತ್ತದೆ.

ಹಳೆಯ ಪ್ಯಾನೆಲ್ ಇದ್ದವರು ಅದನ್ನೇ ಅಡ್ಡ ಮಲಗಿಸಿದ್ದರೆ? ಗೋಡೆಯ ನೆರಳು ಒಂದೇ ಡಯೋಡಿನ ಪಾಲಿಗೆ ಬೀಳುತ್ತಿತ್ತು, ಮೂರರಲ್ಲಿ ಎರಡು ಭಾಗ ಉಳಿಯುತ್ತಿತ್ತು. ಇದಕ್ಕೆ ಹೊಸ ಪ್ಯಾನೆಲ್ ಬೇಕಿಲ್ಲ, ಕಂಬಿ ಹಾಕುವ ಮುಂಚೆ ಅರ್ಧ ಗಂಟೆ ಯೋಚಿಸಿದ್ದರೆ ಸಾಕಿತ್ತು. ಲೀನಿಯರ್ ಸಿಮ್ಯುಲೇಶನ್‌ಗೆ ನಿಲ್ಲಿಸಿದ್ದು, ಮಲಗಿಸಿದ್ದು ಎಲ್ಲಾ ಒಂದೇ. ನನಗೆ ಅದರ ಮೇಲೆ ಇರುವ ದೊಡ್ಡ ಸಿಟ್ಟು ಇದೇ.

ಪ್ರಶ್ನೆ: ನಮ್ಮದು ತೋಟದ ಮನೆ, ಸುತ್ತ ಅಡಿಕೆ, ಒಂದೆರಡು ತೆಂಗು. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ ಲೆಕ್ಕಾಚಾರದಲ್ಲಿ ಊರು, ಕಿಲೋವ್ಯಾಟ್ ಕೊಟ್ಟರೆ ಯೂನಿಟ್ ಬರುತ್ತದೆ. ನಂಬಬಹುದಾ?
— ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಬಿಸಿಲಿನ ಮಟ್ಟಿಗೆ ನಂಬಿ, ನೆರಳಿನ ಮಟ್ಟಿಗೆ ಬೇಡ. ಅಮೆರಿಕದ ಪಿವಿವ್ಯಾಟ್ಸ್‌ನಲ್ಲಿ ನೀವು ಏನೂ ಬದಲಿಸದಿದ್ದರೆ ಒಟ್ಟು ನಷ್ಟ 14% ಅಂತ ಹಿಡಿಯುತ್ತದೆ, ಅದರಲ್ಲಿ ನೆರಳಿನ ಪಾಲು 3%. ಬಯಲಿನ ನಡುವಿನ ಮನೆಗೂ 3, ನಿಮ್ಮ ಅಡಿಕೆ ತೋಟಕ್ಕೂ 3. ಯುರೋಪಿನ ಪಿವಿಜಿಐಎಸ್ ಇನ್ನೊಂದು ಥರ: ದೂರದ ಗುಡ್ಡದ ಹಿಂದೆ ಸೂರ್ಯ ಮುಳುಗುವುದನ್ನು ಭೂಮಿಯ ಎತ್ತರದ ನಕ್ಷೆಯಿಂದ ಲೆಕ್ಕಕ್ಕೆ ತರುತ್ತದೆ, ಮನೆ ಪಕ್ಕದ ಮರ ಅದಕ್ಕೆ ಕಾಣುವುದಿಲ್ಲ.

ಮರವನ್ನೂ ಸೇರಿಸಬೇಕಾದರೆ ಮೂರು ಆಯಾಮದಲ್ಲಿ ಚಿತ್ರ ಬಿಡಿಸುವ ಪ್ರೋಗ್ರಾಂ ಬೇಕು. ಎಸ್‌ಎಎಂ ಅನ್ನೋದು ಪುಕ್ಕಟೆ ಸಿಗುತ್ತದೆ, ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯ ಮಾಡಿದ್ದು, ಅದರಲ್ಲಿ ನೆರಳಿನ ಚಿತ್ರ ಬಿಡಿಸೋಕೆ ಜಾಗ ಇದೆ. ಬಿಡಿಸುವಾಗ ಮರದ ಇವತ್ತಿನ ಎತ್ತರ ಕೊಡಬೇಡಿ. ಪ್ಯಾನೆಲ್ 25 ವರ್ಷ ಇರುತ್ತದೆ, ಎಳೆ ಅಡಿಕೆ ಅಷ್ಟರಲ್ಲಿ ಛಾವಣಿ ದಾಟಿ ಎಲ್ಲೋ ಹೋಗಿರುತ್ತದೆ.

ಮಲೆನಾಡಿಗೆ ಇನ್ನೊಂದು ಮಾತು. ಜೂನ್‌ನಿಂದ ಆಗಸ್ಟ್ ತನಕ ನಿಮ್ಮಲ್ಲಿ ನೇರ ಬಿಸಿಲು ಅಪರೂಪ, ಇರುವುದೆಲ್ಲ ಮೋಡದಿಂದ ಚದುರಿ ಬರುವ ಬೆಳಕು. ಆಗ ಗೆರೆ ಹೊಡೆದ ಹಾಗೆ ನೆರಳು ಬೀಳುವುದೇ ಇಲ್ಲ. ಆದರೆ ಮರಗಳು ಆಕಾಶದ ಎಷ್ಟು ಭಾಗವನ್ನು ಮರೆ ಮಾಡುತ್ತವೋ ಅಷ್ಟು ಬೆಳಕು ಹೋಗಿಯೇ ಹೋಗುತ್ತದೆ, ದಿನವಿಡೀ. ನಿಮ್ಮಲ್ಲಿ ಬರುವ ದೊಡ್ಡ ಪೆಟ್ಟು ನವೆಂಬರ್‌ನಿಂದ ಫೆಬ್ರವರಿ, ಆಕಾಶ ತಿಳಿ ಇರುವಾಗ. ವರ್ಷದ ಒಂದೇ ಅಂಕಿ ನೋಡಬೇಡಿ, ತಿಂಗಳವಾರು ಪಟ್ಟಿ ಕೇಳಿ.

ಪ್ರಶ್ನೆ: ಎರಡು ಸಾಲು ಪ್ಯಾನೆಲ್ ಹಾಕಿಸುತ್ತಿದ್ದೇವೆ, ನಡುವೆ ಎಷ್ಟು ಜಾಗ ಬಿಡಬೇಕು? ಉತ್ತರಕ್ಕೆ ಮೆಟ್ಟಿಲ ಕೋಣೆ ಇದೆ, ಅದರಿಂದ ತೊಂದರೆ ಇಲ್ಲ ಅಲ್ವಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ವಿದೇಶಿ ವಿಡಿಯೋ ನೋಡಿ ಜಾಗ ಬಿಡಬೇಡಿ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಡಿಸೆಂಬರ್ 21ರ ನಡುಮಧ್ಯಾಹ್ನ ನೆರಳು ವಸ್ತುವಿನ ಎತ್ತರದ ಮೂರೂವರೆ ಪಟ್ಟಿಗೆ ಹತ್ತಿರ. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಮುಕ್ಕಾಲು ಪಟ್ಟು ಕೂಡ ಇಲ್ಲ. ಬೆಳಗ್ಗೆ ಒಂಬತ್ತೂಕಾಲರಿಂದ ಮಧ್ಯಾಹ್ನ ಮೂರೂಕಾಲರ ತನಕ ನೆರಳು ಬೇಡ ಅಂದರೆ, ಮುಂದಿನ ಸಾಲು ಎಷ್ಟು ಎತ್ತರ ಎದ್ದಿದೆಯೋ ಅಷ್ಟೇ ಅಂತರ ಬಿಟ್ಟರೆ ಸಾಕು. 2 ಮೀಟರ್ ಉದ್ದದ ಪ್ಯಾನೆಲ್ 13 ಡಿಗ್ರಿ ವಾಲಿಸಿದರೆ ಹಿಂಬದಿ 45 ಸೆಂಟಿಮೀಟರ್ ಏಳುತ್ತದೆ. ನಡುವೆ ಒಂದೂವರೆ ಅಡಿ ಬಿಡಿ, ತೊಳೆಯೋಕೆ ಕಾಲಿಡಲೂ ಜಾಗ ಆಯಿತು.

ಮೆಟ್ಟಿಲ ಕೋಣೆ ವಿಷಯ ನೀವು ತಿಳಿದ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ 18ರ ತನಕ ಮಧ್ಯಾಹ್ನವೂ ಉತ್ತರದ ಕಡೆಗೇ ಇರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಕೋಲು ನಿಲ್ಲಿಸಿ ತೋರಿಸುತ್ತಾರಲ್ಲ, ಅವೇ ಎರಡು ದಿನಗಳು. ಆ ನಡುವೆ ನೆರಳು ದಕ್ಷಿಣಕ್ಕೆ ಬೀಳುತ್ತದೆ. 3 ಮೀಟರ್ ಎತ್ತರದ ಕೋಣೆಯ ನೆರಳು ಜೂನ್ 21ರ ಮಧ್ಯಾಹ್ನ ಅರ್ಧ ಮೀಟರ್ ಚಿಲ್ಲರೆ ದಕ್ಷಿಣಕ್ಕೆ ಚಾಚುತ್ತದೆ, ಬೆಳಗ್ಗೆ ಒಂಬತ್ತೂವರೆಗಾದರೆ ಒಂದು ಮೀಟರ್. ಪ್ಯಾನೆಲನ್ನು ಆ ಗೋಡೆಗೆ ಅಂಟಿಸದೆ ಒಂದು ಮೀಟರ್ ಈಚೆ ಇಡಿ, ಮುಗಿಯಿತು.

ಪ್ರಶ್ನೆ: ಮನೆ ಮೇಲೆ ಕೇಬಲ್ ತಂತಿ ಹಾದುಹೋಗಿದೆ. ಕಾಗೆ ಕಾಟವೂ ಇದೆ. ಇವನ್ನೆಲ್ಲ ಸಿಮ್ಯುಲೇಶನ್‌ಗೆ ಸೇರಿಸಬೇಕಾ?
— ಓದುಗರೊಬ್ಬರು, ಮಂಗಳೂರು

ಉತ್ತರ: ತಂತಿ ಬಿಡಿ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ, ಹಾಗಾಗಿ ಯಾವ ವಸ್ತುವೇ ಆಗಲಿ ತನ್ನ ದಪ್ಪದ ಸುಮಾರು 108 ಪಟ್ಟು ದೂರ ದಾಟಿದರೆ ಅದರ ಗಟ್ಟಿ ನೆರಳು ಉಳಿಯುವುದಿಲ್ಲ. 1 ಸೆಂಟಿಮೀಟರ್ ತಂತಿ ಐದಾರು ಅಡಿ ಮೇಲಿದ್ದರೆ ಮಸುಕು ಗೆರೆ ಅಷ್ಟೇ.

ಕಾಗೆ ಹಿಕ್ಕೆ ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಸೆಲ್‌ಗೇ ಅಂಟಿ ಕೂತಿರುತ್ತದೆ, ಸೂರ್ಯ ಸರಿದರೂ ಸರಿಯುವುದಿಲ್ಲ. ಒಂದು ಸೆಲ್‌ನ ಐದನೇ ಒಂದು ಭಾಗ ಮುಚ್ಚಿದರೂ ಸಾಕು, ಎಂಟು ಪ್ಯಾನೆಲ್‌ನ ಸಾಲಿನಲ್ಲಿ ಆ ಸೆಲ್‌ಗೋಸ್ಕರ ಎಲ್ಲರೂ 20% ನಿಧಾನ ಆಗುವುದಕ್ಕಿಂತ 24 ಸೆಲ್ ಕೈಬಿಡುವುದೇ ಇನ್ವರ್ಟರ್‌ಗೆ ಲಾಭ. ಅದು ಹಾಗೇ ಮಾಡುತ್ತದೆ. ಸಿಮ್ಯುಲೇಶನ್‌ನಲ್ಲಿ ಕಾಗೆಗೆ ಜಾಗ ಇಲ್ಲ, ಬಕೆಟ್ ನೀರು ಹಿಡಿದು ಬೆಳಗ್ಗೆ ಬಿಸಿಲೇರುವ ಮುಂಚೆ ಹತ್ತಿ.

ಪ್ರಶ್ನೆ: ಪಶ್ಚಿಮದ ಪಕ್ಕದ ಸೈಟಿನವರು ಇನ್ನೊಂದು ಮಹಡಿ ಕಟ್ಟಬಹುದು. ಈಗಲೇ ಆಪ್ಟಿಮೈಜರ್ ಹಾಕಿಸಲಾ?
— ಓದುಗರೊಬ್ಬರು, ತುಮಕೂರು

ಉತ್ತರ: ಈಗಲೇ ಬೇಡ. ಆಪ್ಟಿಮೈಜರ್ ಅಂದರೆ ಒಂದೊಂದು ಪ್ಯಾನೆಲ್‌ಗೂ ಬೇರೆಯಾಗಿ ಅತಿ ಹೆಚ್ಚು ಪವರ್ ಹುಡುಕಿಕೊಡುವ ಪುಟ್ಟ ಸಾಧನ. ಸಿಮ್ಯುಲೇಶನ್ ಮಾಡುವವರಿಗೆ ಎರಡು ಸಲ ಓಡಿಸೋಕೆ ಹೇಳಿ, ಒಂದು ಈಗಿನ ಹಾಗೆ, ಇನ್ನೊಂದು ಆ ಸೈಟಿನಲ್ಲಿ ಒಂದು ಡಬ್ಬಿ ಎಬ್ಬಿಸಿ. ಪ್ಯಾನೆಲ್‌ನಿಂದ 3 ಮೀಟರ್ ದೂರದಲ್ಲಿ ಪ್ಯಾನೆಲ್‌ಗಿಂತ 3 ಮೀಟರ್ ಮೇಲೆ ಉದ್ದ ಗೋಡೆ ಎದ್ದರೆ ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ಮೂರೂಕಾಲು, ಮೂರೂವರೆಗೆ ನೆರಳು ಶುರು. ದಿನದ ದುಡಿಮೆಯ ದೊಡ್ಡ ಪಾಲು ಅಷ್ಟರಲ್ಲಿ ಆಗಿರುತ್ತದೆ. ಅದೂ ಅಲ್ಲದೆ ನೆರಳು ಎಲ್ಲಾ ಪ್ಯಾನೆಲ್‌ಗೂ ಒಟ್ಟಿಗೆ ಬಿದ್ದರೆ ಆಪ್ಟಿಮೈಜರ್‌ಗೆ ಮಾಡೋಕೆ ಏನೂ ಕೆಲಸ ಇರುವುದಿಲ್ಲ. ಕೆಲವಕ್ಕೆ ಬಿದ್ದು ಕೆಲವಕ್ಕೆ ಬೀಳದಿದ್ದಾಗ ಮಾತ್ರ ಅದರ ಉಪಯೋಗ.

ಈಗ ಮಾಡಬಹುದಾದ ಕೆಲಸ ಒಂದಿದೆ. ಎರಡು ಎಂಪಿಪಿಟಿ ಇರುವ ಇನ್ವರ್ಟರ್ ಕೇಳಿ, ಪಶ್ಚಿಮದ ಅಂಚಿನ ಪ್ಯಾನೆಲ್‌ಗಳನ್ನು ಒಂದಕ್ಕೆ, ಪೂರ್ವದವನ್ನು ಇನ್ನೊಂದಕ್ಕೆ ಕೊಡಿಸಿ. ಆ ಮಹಡಿ ಎದ್ದರೆ ಒಂದು ಕಡೆಯವು ಕುಂಟಿದರೂ ಇನ್ನೊಂದು ಕಡೆಯವು ತಮ್ಮ ಪಾಡಿಗೆ ಓಡುತ್ತವೆ. ಆಗಲೂ ನಷ್ಟ ಜಾಸ್ತಿ ಅನ್ನಿಸಿದರೆ, ನೆರಳು ಬೀಳುವ ಪ್ಯಾನೆಲ್‌ಗಳಿಗೆ ಮಾತ್ರ ಆಪ್ಟಿಮೈಜರ್ ಕೂರಿಸಬಹುದು. ಕೆಲವು ಕಂಪನಿಯವು ಎಲ್ಲಾ ಪ್ಯಾನೆಲ್‌ಗೂ ಹಾಕಲೇಬೇಕು ಅನ್ನುತ್ತವೆ, ಕೆಲವಕ್ಕೆ ಆ ಕಟ್ಟಳೆ ಇಲ್ಲ. ಇನ್ವರ್ಟರ್ ಕೊಳ್ಳುವಾಗಲೇ ಅದನ್ನು ಕೇಳಿಟ್ಟುಕೊಳ್ಳಿ.